ಕಾಯಿಲೆಯ ದಿನಗಳಲ್ಲಿ ಬರವಣಿಗೆ: ಯಾರಿಗಾಗಿ, ಏನನ್ನು, ಹೇಗೆ?

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಪಾರ್ಕಿನ್ಸನ್ ಮುಂತಾದ ಗಂಭೀರ ಕಾಯಿಲೆ ಬಂದಾಗ ವೈದ್ಯರು ನೋವು, ಜ್ವರ, ಊಟ, ನಿದ್ರೆಯ ಬಗ್ಗೆ ವಿಚಾರಿಸುತ್ತಾರೆ. ಆದರೆ ರೋಗಿಯ ಮನಸ್ಸಿನಲ್ಲಿ ಸುತ್ತುತ್ತಿರುವ ಇನ್ನೊಂದು ಪ್ರಶ್ನೆ ಹೊರಗೆ ಬರುವುದೇ ಕಡಿಮೆ: "ಇನ್ನು ನನ್ನಿಂದ ಯಾರಿಗೆ ಏನು ಉಪಯೋಗ?" ನಿನ್ನೆಯವರೆಗೆ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ಬೆಳಿಗ್ಗೆ ಎದ್ದು ಡಬ್ಬಿ ಕಟ್ಟುತ್ತಿದ್ದವರು, ಲೋಕಲ್ ರೈಲು ಹಿಡಿದು ಕಚೇರಿಗೆ ಹೋಗುತ್ತಿದ್ದವರು ಇಂದು ಬೇರೆಯವರು ಕೊಟ್ಟ ನೀರಿಗೆ ಕಾಯಬೇಕಾಗುತ್ತದೆ. ಮನೆಯವರಿಗೆ ಭಾರವಾದೆ ಎಂಬ ಭಾವನೆ ಎಷ್ಟೋ ಸಲ ಕಾಯಿಲೆಯಷ್ಟೇ ಹಿಂಸೆ ಕೊಡುತ್ತದೆ.

ಈ ಭಾವನೆಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಬಲ್ಲ ಒಂದು ಸರಳ ದಾರಿ ಬರವಣಿಗೆ. ಇದಕ್ಕೆ ನೀವು ಸಾಹಿತಿಯಾಗಿರಬೇಕಿಲ್ಲ. ಬರವಣಿಗೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಔಷಧಿಗೆ ಬದಲಿಯೂ ಅಲ್ಲ. ಆದರೆ ಅದು ನಿಮ್ಮ ಕೈಗೆ ಒಂದು ಕೆಲಸವನ್ನು ಕೊಡುತ್ತದೆ. ಆ ಬರಹ ಯಾರಿಗಾದರೂ ತಲುಪಬೇಕು ಎಂದು ಬರೆದಾಗ ಅದಕ್ಕೊಂದು ಉದ್ದೇಶವೂ ಸಿಗುತ್ತದೆ. ಈ ಲೇಖನದ ಮುಖ್ಯ ಮಾತು ಇದೇ: ಏನು ಬರೆಯಲಿ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಯಾರಿಗಾಗಿ ಬರೆಯುತ್ತಿದ್ದೇನೆ ಎಂದು ತೀರ್ಮಾನಿಸಿ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಇತರರಿಗಿಂತ ಕಡಿಮೆ.

1999ರಲ್ಲಿ ಜೋಶುವಾ ಸ್ಮಿತ್ ಮತ್ತು ಸಂಗಡಿಗರು ಆಸ್ತಮಾ ಹಾಗೂ ರುಮಟಾಯ್ಡ್ ಸಂಧಿವಾತ ಇದ್ದ 112 ಜನರೊಂದಿಗೆ ಇಂಥದ್ದೇ ಪ್ರಯೋಗ ನಡೆಸಿದರು. ಒಂದು ಗುಂಪಿನವರು ಮೂರು ದಿನ, ದಿನಕ್ಕೆ 20 ನಿಮಿಷ, ತಮ್ಮನ್ನು ಹೆಚ್ಚು ಕಾಡಿದ ಘಟನೆಯ ಬಗ್ಗೆ ಬರೆದರು. ಇನ್ನೊಂದು ಗುಂಪಿನವರು ಸಾಮಾನ್ಯ ವಿಷಯಗಳ ಬಗ್ಗೆ ಬರೆದರು. ನಾಲ್ಕು ತಿಂಗಳ ನಂತರ ಮೊದಲ ಗುಂಪಿನಲ್ಲಿ ಸುಮಾರು ಶೇ 47ರಷ್ಟು, ಎರಡನೆಯ ಗುಂಪಿನಲ್ಲಿ ಸುಮಾರು ಶೇ 24ರಷ್ಟು ಜನರಲ್ಲಿ ಗಮನಾರ್ಹ ಸುಧಾರಣೆ ಕಂಡಿತು.

ಇದನ್ನು ಓದಿ ಅತಿಯಾಗಿ ನಂಬುವುದೂ ಬೇಡ. ಅನಂತರ ನಡೆದ ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸರಾಸರಿ ಪ್ರಯೋಜನ ಚಿಕ್ಕದು ಎಂದು ಗೊತ್ತಾಯಿತು. ಕ್ಯಾನ್ಸರ್ ರೋಗಿಗಳ ಮೇಲಿನ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಎಲ್ಲರಿಗೂ ಅನ್ವಯಿಸುವ ಸ್ಪಷ್ಟ ಲಾಭ ಕಾಣಲಿಲ್ಲ. ಅಂದರೆ ಮನಸ್ಸಿನ ನೋವನ್ನು ಕಾಗದಕ್ಕೆ ಸುರಿಯುವುದೊಂದೇ ಎಲ್ಲರಿಗೂ ಮದ್ದಾಗುವುದಿಲ್ಲ. ಕೆಲವರಿಗೆ ಹಗುರವಾಗುತ್ತದೆ, ಕೆಲವರಿಗೆ ಇಲ್ಲ.

ಬರಹವನ್ನು ಯಾರಿಗಾದರೂ ಕೊಟ್ಟಾಗ

ಇನ್ನೊಂದು ಬಗೆಯ ಕೆಲಸ ಕೆನಡಾದಲ್ಲಿ ನಡೆಯಿತು. ಅಲ್ಲಿನ ಮನೋವೈದ್ಯ ಹಾರ್ವೆ ಚೊಚಿನೊವ್ ರೂಪಿಸಿದ ವಿಧಾನಕ್ಕೆ 'ಡಿಗ್ನಿಟಿ ಥೆರಪಿ' ಎಂದು ಹೆಸರು. ಕನ್ನಡದಲ್ಲಿ ಘನತೆಯ ಚಿಕಿತ್ಸೆ ಎನ್ನಬಹುದು. ಇದರಲ್ಲಿ ರೋಗಿ ಪೆನ್ನು ಹಿಡಿಯಬೇಕಾಗಿಲ್ಲ. ತರಬೇತಿ ಪಡೆದವರೊಬ್ಬರು ಹಾಸಿಗೆಯ ಪಕ್ಕ ಕುಳಿತು ಕೆಲವು ಪ್ರಶ್ನೆ ಕೇಳುತ್ತಾರೆ. ನಿಮ್ಮ ಬದುಕಿನಲ್ಲಿ ನಿಮಗೆ ಮುಖ್ಯವೆನಿಸಿದ್ದು ಏನು? ಯಾವ ಕೆಲಸದ ಬಗ್ಗೆ ಹೆಮ್ಮೆ ಇದೆ? ಮನೆಯವರು ನಿಮ್ಮ ಬಗ್ಗೆ ಏನನ್ನು ತಿಳಿದಿರಬೇಕು? ಅವರಿಗೆ ಏನು ಹೇಳಬೇಕೆಂದಿದ್ದೀರಿ? ಉತ್ತರಗಳನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಸರಿಪಡಿಸಿ, ಮತ್ತೆ ರೋಗಿಗೆ ಓದಿ ಹೇಳುತ್ತಾರೆ. ರೋಗಿ ಒಪ್ಪಿದ ಮೇಲೆ ಅಂತಿಮ ಪ್ರತಿಯನ್ನು ಅವರಿಗೇ ಕೊಡುತ್ತಾರೆ. ಅದನ್ನು ಅವರು ತಮಗೆ ಬೇಕಾದವರಿಗೆ ಕೊಡುತ್ತಾರೆ.

2005ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ 100 ಜನ ಭಾಗವಹಿಸಿದ್ದರು. ಎಲ್ಲರೂ ಕೊನೆಯ ಹಂತದ ಕಾಯಿಲೆಯವರು. ಅವರಲ್ಲಿ ಶೇ 68ರಷ್ಟು ಜನ ಬದುಕಿಗೆ ಉದ್ದೇಶವಿದೆ ಎಂಬ ಭಾವನೆ ಹೆಚ್ಚಿತು ಎಂದರು. ಇದರಿಂದ ನಮ್ಮ ಮನೆಯವರಿಗೆ ಸಹಾಯವಾಗುತ್ತದೆ ಎಂದವರು ಶೇ 81. 2011ರ ದೊಡ್ಡ ಅಧ್ಯಯನದಲ್ಲಿ, ಸಂಕಟದ ಅಳತೆಯಲ್ಲಿ ಇತರ ಆರೈಕೆಗಿಂತ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೂ, ಇದು ನಮಗೆ ಉಪಯೋಗವಾಯಿತು, ಮನೆಯವರು ನಮ್ಮನ್ನು ನೋಡುವ ರೀತಿ ಬದಲಾಗಬಹುದು ಎಂದು ಹೇಳಿದವರು ಈ ಗುಂಪಿನಲ್ಲೇ ಹೆಚ್ಚು.

ಎರಡು ವಿಧಾನಗಳ ವ್ಯತ್ಯಾಸ ಗಮನಿಸಿ. ಮೊದಲನೆಯದರಲ್ಲಿ ಬರಹ ಬರೆದವರಲ್ಲೇ ಉಳಿಯುತ್ತದೆ. ಎರಡನೆಯದರಲ್ಲಿ ಅದು ಇನ್ನೊಬ್ಬರ ಕೈ ಸೇರುತ್ತದೆ. ಪಡೆಯುವವರಷ್ಟೇ ಆಗಿದ್ದ ರೋಗಿ ಮತ್ತೆ ಕೊಡುವವರಾಗುತ್ತಾರೆ.

ಮುಂಬೈಯಲ್ಲಿ ಬದುಕಿದ ಇಬ್ಬರು, ಕನ್ನಡದ ಇಬ್ಬರು

ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯುತ್ತಿದ್ದ ಕವಿ ಅರುಣ್ ಕೊಲಟ್ಕರ್ ಮುಂಬೈಯ ಕಾಲಾ ಘೋಡಾ ಪ್ರದೇಶದ ಒಂದು ಹೋಟೆಲಿನಲ್ಲಿ ವರ್ಷಗಟ್ಟಲೆ ಕುಳಿತು ಫುಟ್‌ಪಾತಿನ ಜೀವನವನ್ನು ನೋಡಿ ಕವಿತೆ ಬರೆದಿದ್ದರು. ಬೆಳಗಿನ ಹೊತ್ತು ಡಬ್ಬದಲ್ಲಿ ಇಡ್ಲಿ ಹೊತ್ತು ತರುವ ಹೆಂಗಸು, ಅವಳ ಸುತ್ತ ಸೇರುವ ಬೀದಿಯ ಜನ ಅವರ ಕವಿತೆಯಲ್ಲಿದ್ದಾರೆ. 1976ರಲ್ಲಿ ಬಂದ 'ಜೆಜುರಿ'ಯ ನಂತರ ಅವರು ದಶಕಗಳ ಕಾಲ ಇಂಗ್ಲಿಷ್ ಕವನ ಸಂಕಲನ ತಂದಿರಲಿಲ್ಲ. ಕ್ಯಾನ್ಸರ್ ಆಗಿದ್ದ ಕಾಲದಲ್ಲಿ, 2004ರಲ್ಲಿ, ಗೆಳೆಯರ ನೆರವಿನಿಂದ 'ಕಾಲಾ ಘೋಡಾ ಪೊಯೆಮ್ಸ್' ಮತ್ತು 'ಸರ್ಪ ಸತ್ರ' ಎರಡೂ ಪುಸ್ತಕವಾದವು. ಅದೇ ವರ್ಷ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ಕಾಯಿಲೆಯ ಕಾಲದಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯಬೇಕೆಂದಿಲ್ಲ; ಪೆಟ್ಟಿಗೆಯಲ್ಲಿ ಉಳಿದಿದ್ದನ್ನು ಪೂರ್ಣಗೊಳಿಸಿ ಬೇರೆಯವರ ಕೈಗೆ ಕೊಡುವುದೂ ಒಂದು ಕೆಲಸವೇ.

ನಟ ಇರ್ಫಾನ್ ಖಾನ್ ಅವರಿಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಇರುವುದು 2018ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಜೂನ್ ತಿಂಗಳಲ್ಲಿ, ಲಂಡನ್ನಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ, ಅವರು ಬರೆದ ಪತ್ರವೊಂದು ಪ್ರಕಟವಾಯಿತು. ಅದು ಕೆಲವೇ ಪುಟಗಳದ್ದು. ಅದರಲ್ಲಿ ಗೆದ್ದೇ ಗೆಲ್ಲುತ್ತೇನೆ ಎಂಬ ಘೋಷಣೆ ಇರಲಿಲ್ಲ. ನೋವು, ಭಯ, ಮುಂದೇನೆಂದು ಗೊತ್ತಿಲ್ಲದ ಸ್ಥಿತಿಯನ್ನು ನೇರವಾಗಿ ಹೇಳಿದ್ದರು. ಅನಂತರ ಅವರು ಒಂದು ಸಿನಿಮಾದಲ್ಲೂ ನಟಿಸಿದರು. 2020ರ ಏಪ್ರಿಲ್ 29ರಂದು ಮುಂಬೈಯಲ್ಲಿ ನಿಧನರಾದರು. ಆ ಪತ್ರವನ್ನು ಇಂದಿಗೂ ರೋಗಿಗಳು ಓದುತ್ತಾರೆ. ಬರಹ ಚಿಕ್ಕದಾಗಿರಬಹುದು, ಧೈರ್ಯದ ಮಾತೇ ತುಂಬಿರಬೇಕೆಂದೂ ಇಲ್ಲ.

ಕನ್ನಡದಲ್ಲಿ ಕಾದಂಬರಿಕಾರ ನಿರಂಜನರ ಉದಾಹರಣೆ ಇದೆ. ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಅವರು ಪ್ರಾಚೀನ ಈಜಿಪ್ಟಿನ ಕಥೆ ಹೇಳುವ ದೊಡ್ಡ ಕಾದಂಬರಿ 'ಮೃತ್ಯುಂಜಯ'ವನ್ನು ಕೊಟ್ಟರು. ಜಗತ್ತಿನ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ 'ವಿಶ್ವಕಥಾಕೋಶ'ದ ಸಂಪಾದಕರಾಗಿ ಕೆಲಸ ಮಾಡಿದರು. ಅದರಲ್ಲಿ ಅನೇಕ ಅನುವಾದಕರ ಕೈ ಸೇರಿದೆ. ದೇಹ ಸಹಕರಿಸದಿದ್ದಾಗ ಇತರರ ಕೈಗಳನ್ನು ಜೊತೆಗೂಡಿಸಿಕೊಂಡರೆ ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಸ್ತನ ಕ್ಯಾನ್ಸರಿನ ಅನುಭವವನ್ನು ಭಾರತಿ ಬಿ.ವಿ. ಅವರು 'ಸಾಸಿವೆ ತಂದವಳು' ಪುಸ್ತಕದಲ್ಲಿ ಬರೆದಿದ್ದಾರೆ. ಬರೆಯಲು ಮನಸ್ಸಾಗದವರು ಇಂಥ ಪುಸ್ತಕ ಓದುವುದರಿಂದಲೂ ಆರಂಭಿಸಬಹುದು.

ಯಾರಿಗಾಗಿ ಬರೆಯಬಹುದು?

ಪ್ರಸಿದ್ಧರ ಮಾತು ಬಿಡೋಣ. ನಮ್ಮ ನಿಮ್ಮಂಥವರು ಬರೆಯಬಹುದಾದ ಕೆಲವು ಬಗೆಗಳು ಇಲ್ಲಿವೆ.

*ಮಕ್ಕಳಿಗೆ, ಮೊಮ್ಮಕ್ಕಳಿಗೆ.* ಅಜ್ಜ ಯಾವ ವರ್ಷ ಊರು ಬಿಟ್ಟು ಮುಂಬೈಗೆ ಬಂದರು, ಮೊದಲು ಯಾವ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು, ಮಾಟುಂಗಾದ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು, ಡೊಂಬಿವಲಿಯ ಮನೆ ಹೇಗೆ ಕೊಂಡರು – ಇವು ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳು. ದೊಡ್ಡ ಉಪದೇಶ ಬೇಡ. ನಡೆದದ್ದನ್ನು ಹೇಳಿದರೆ ಸಾಕು.

*ಅಡುಗೆಮನೆಗೆ.* ನಿಮ್ಮ ಕೈಯ ಎಣ್ಣೆಗಾಯಿ, ಪತ್ರೊಡೆ, ಸಾರಿನ ಪುಡಿಯ ಅಳತೆ ಎಲ್ಲೂ ಬರೆದಿಟ್ಟಿರುವುದಿಲ್ಲ. 'ಒಂದು ಹಿಡಿ' ಎಂದರೆ ಎಷ್ಟು ಎಂದು ಮಗಳನ್ನು ಕೂರಿಸಿಕೊಂಡು ಅಳೆಸಿ ಬರೆಸಿ.

*ಮುಂದೆ ಬರುವ ರೋಗಿಗೆ.* ಪರೇಲ್‌ನಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಕರ್ನಾಟಕದ ಹಳ್ಳಿಯಿಂದ ಮೊದಲ ಸಲ ಬಂದು ದಾದರ್‌ನಲ್ಲಿ ಇಳಿದವರಿಗೆ ಹಿಂದಿ, ಮರಾಠಿ ಬರದಿದ್ದರೆ ಎಲ್ಲವೂ ಗೊಂದಲ. ಯಾವ ಕಾಗದ ತರಬೇಕು, ಹಳೆಯ ಸ್ಕ್ಯಾನ್ ಮತ್ತು ಬಯಾಪ್ಸಿ ರಿಪೋರ್ಟ್ ಹೇಗೆ ಜೋಡಿಸಿಡಬೇಕು, ಎಷ್ಟು ಹೊತ್ತಿಗೆ ಸರದಿಗೆ ನಿಲ್ಲಬೇಕು, ಉಳಿದುಕೊಳ್ಳುವ ಜಾಗಕ್ಕೆ ಯಾರನ್ನು ಕೇಳಬೇಕು, ಕೀಮೋ ದಿನ ಚೀಲದಲ್ಲಿ ಏನಿರಬೇಕು – ಇವನ್ನು ಅನುಭವಿಸಿದ ನೀವು ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದರೆ ಅದು ನಿಜವಾದ ಸೇವೆ. ಔಷಧಿಯ ಹೆಸರು, ಪ್ರಮಾಣ ಮಾತ್ರ ಬರೆಯಬೇಡಿ. ನಿಮಗೆ ಕೊಟ್ಟ ಔಷಧಿ ಇನ್ನೊಬ್ಬರಿಗೆ ಸರಿಹೋಗದಿರಬಹುದು.

*ನಿಮಗಾಗಿಯೇ.* ಯಾರಿಗೂ ತೋರಿಸದ ಪುಟಗಳೂ ಇರಲಿ. ಸಿಟ್ಟು, ಭಯ, ದೇವರ ಮೇಲಿನ ಮುನಿಸು ಅಲ್ಲಿಗೆ ಹೋಗಲಿ.

ಇದಲ್ಲದೆ ವೈದ್ಯರಿಗಾಗಿ ಒಂದು ಪ್ರತ್ಯೇಕ ಪುಸ್ತಕ ಇಡಿ. ಅದರಲ್ಲಿ ದಿನಾಂಕ, ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವು, ವಾಂತಿ, ಮಲಬದ್ಧತೆ, ನಿದ್ರೆ, ಮಾತ್ರೆ ತೆಗೆದುಕೊಂಡ ಸಮಯ, ಮುಂದಿನ ಸಲ ಕೇಳಬೇಕಾದ ಪ್ರಶ್ನೆಗಳು ಇರಲಿ. ಓಪಿಡಿಯಲ್ಲಿ ವೈದ್ಯರೊಂದಿಗೆ ಸಿಗುವುದು ಕೆಲವೇ ನಿಮಿಷ. ಆಗ ಈ ಪುಸ್ತಕ ನಿಮ್ಮ ಪರವಾಗಿ ಮಾತನಾಡುತ್ತದೆ. ಒಂದು ಎಚ್ಚರಿಕೆ: ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಬರೆದಿಟ್ಟು ಕಾಯಬೇಡಿ, ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಿ.

ಕೈ ಸಾಗದಿದ್ದರೆ, ಅಕ್ಷರ ಬಾರದಿದ್ದರೆ?

ಕೆಲವು ಕೀಮೋ ಔಷಧಿಗಳು ಬೆರಳ ತುದಿಯ ನರಗಳಿಗೆ ತೊಂದರೆ ಮಾಡುತ್ತವೆ. ಜುಮುಗುಟ್ಟುವಿಕೆ, ಮರಗಟ್ಟುವಿಕೆಯಿಂದ ಪೆನ್ನು ಹಿಡಿಯುವುದೇ ಕಷ್ಟವಾಗಬಹುದು. ಇದನ್ನು ಮೊದಲು ವೈದ್ಯರಿಗೆ ತಿಳಿಸಿ. ದಪ್ಪ ಪೆನ್ನು ಬಳಸಿ, ಅಥವಾ ಪೆನ್ನಿಗೆ ಬಟ್ಟೆ ಸುತ್ತಿಕೊಳ್ಳಿ. ಚಿಕಿತ್ಸೆಯ ದಿನಗಳಲ್ಲಿ ಮರೆವು, ಪದ ಸಿಗದಿರುವುದು ಕೂಡ ಸಾಮಾನ್ಯ. ಇದರಿಂದ ಗಾಬರಿಯಾಗಬೇಡಿ, ಎರಡು ಸಾಲು ಬರೆದು ನಿಲ್ಲಿಸಿ.

ಡಯಾಲಿಸಿಸ್‌ಗೆ ಹೋಗುವವರು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮಲಗಿರಬೇಕು. ಫಿಸ್ಟುಲಾವನ್ನು ಸಾಧ್ಯವಾದಷ್ಟು ಬರೆಯದ ಕೈಯಲ್ಲೇ ಮಾಡುವುದರಿಂದ ಬರೆಯುವ ಕೈ ಹೆಚ್ಚಾಗಿ ಖಾಲಿ ಇರುತ್ತದೆ. ಮೈ ಹಗುರವಿದ್ದರೆ ಅರ್ಧ ಗಂಟೆ ಬರೆಯಲು ಅದು ಒಳ್ಳೆಯ ಸಮಯ. ಸೂಜಿ ಇರುವ ಕೈಯನ್ನು ಮಾತ್ರ ಅಲುಗಿಸಬೇಡಿ.

ಓದು ಬರಹ ಬಾರದವರು ಮಾತನಾಡಿದರೆ ಸಾಕು. ಮೊಬೈಲಿನ ರೆಕಾರ್ಡರ್ ಒತ್ತಿ ಐದು ನಿಮಿಷ ಹೇಳಿ. ಫೋನಿನ ಕೀಬೋರ್ಡಿನಲ್ಲಿರುವ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅದು ಅಕ್ಷರವಾಗಿ ಮೂಡುವ ಸೌಲಭ್ಯವೂ ಇದೆ.

ಮುಂಬೈ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅಮ್ಮ ಬರೆದ ಪತ್ರ ಮಗನಿಗೇ ಓದಲಾಗದಿದ್ದರೆ ಏನು ಪ್ರಯೋಜನ? ಹಾಗಿದ್ದಲ್ಲಿ ಬರೆದದ್ದನ್ನು ನೀವೇ ಗಟ್ಟಿಯಾಗಿ ಓದಿ ಧ್ವನಿಯನ್ನೂ ಜೊತೆಗಿಡಿ. ಧ್ವನಿಗೆ ಅದರದೇ ಬೆಲೆ ಇದೆ.

ಆರಂಭಿಸುವುದು ಹೇಗೆ?

- ಒಬ್ಬರ ಹೆಸರನ್ನು ಪುಟದ ಮೇಲೆ ಬರೆಯಿರಿ. ಅವರು ಎದುರಿಗೆ ಕುಳಿತಿದ್ದಾರೆ ಎಂದುಕೊಂಡು ಬರೆಯಿರಿ.
- ಹತ್ತು ಹದಿನೈದು ನಿಮಿಷ ಸಾಕು. ಮೈ ಹೆಚ್ಚು ಹಗುರವಿರುವ ಹೊತ್ತನ್ನು ಆರಿಸಿಕೊಳ್ಳಿ. ಕೀಮೋ ಆದ ಮೊದಲ ದಿನಗಳಲ್ಲಿ ಆಗದಿದ್ದರೆ ಬಿಡಿ.
- ಕಾಗುಣಿತ, ವ್ಯಾಕರಣ ನೋಡಬೇಡಿ. ನೀವು ಮಾತನಾಡುವ ಕನ್ನಡದಲ್ಲೇ ಬರೆಯಿರಿ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಕನ್ನಡ ಲಿಪಿಯಲ್ಲಿ ತುಳು ಅಥವಾ ಕೊಂಕಣಿ ಯಾವುದಾದರೂ ಸರಿ.
- ಒಂದು ಸಲಕ್ಕೆ ಒಂದೇ ಸಂಗತಿ ಇರಲಿ. ಇಡೀ ಜೀವನಚರಿತ್ರೆ ಬರೆಯಲು ಹೊರಟರೆ ಎರಡನೆಯ ದಿನವೇ ಸುಸ್ತಾಗುತ್ತದೆ.
- ಪ್ರತಿ ಬರಹವನ್ನೂ ಒಂದು ಹಂತಕ್ಕೆ ಮುಗಿಸಿ, ದಿನಾಂಕ ಹಾಕಿ. ನಾಳೆ ಬರೆಯಲಾಗದಿದ್ದರೂ ಇಂದಿನದು ಪೂರ್ಣವಾಗಿರುತ್ತದೆ.
- ಪುಸ್ತಕ ಎಲ್ಲಿದೆ, ಯಾರು ಯಾವಾಗ ಓದಬಹುದು, ಯಾವ ಪುಟಗಳನ್ನು ಓದಬಾರದು ಎಂದು ಒಬ್ಬರಿಗೆ ಹೇಳಿಡಿ.

ಆರೈಕೆ ಮಾಡುವವರು ಗಮನಿಸಬೇಕಾದದ್ದು

ನೀವು ಮಗಳಿರಬಹುದು, ಸೊಸೆಯಿರಬಹುದು, ಗಂಡನಿರಬಹುದು. ಬರೆಯಿರಿ ಎಂದು ಒತ್ತಾಯಿಸಬೇಡಿ. ಪುಸ್ತಕ, ಪೆನ್ನು, ಕನ್ನಡಕ ಕೈಗೆಟಕುವಂತೆ ಇಡಿ, ಅಷ್ಟೇ. ಅವರು ಹೇಳುತ್ತಾ ನೀವು ಬರೆಯುವುದಾದರೆ ಅವರ ಮಾತನ್ನು ತಿದ್ದಬೇಡಿ. ನಿಮಗೆ ನೆನಪಿರುವುದು ಬೇರೆಯಾಗಿದ್ದರೂ ವಾದಿಸಬೇಡಿ. "ಅಂಥದ್ದೆಲ್ಲ ಯಾಕೆ ಹೇಳ್ತೀರಿ, ನೀವು ಹುಷಾರಾಗ್ತೀರಿ" ಎಂದು ಮಾತು ತಡೆದರೆ ಅವರು ಹೇಳಬೇಕಾದದ್ದು ಅಲ್ಲಿಗೇ ನಿಂತುಹೋಗುತ್ತದೆ. ಅದರ ಬದಲು "ಆಮೇಲೆ ಏನಾಯ್ತು?" ಎಂದು ಕೇಳಿ.

ಒಂದೇ ಕೋಣೆಯ ಮನೆಯಲ್ಲಿ ಗುಟ್ಟು ಕಾಯುವುದು ಸುಲಭವಲ್ಲ. ಆದರೂ ಅವರ ಪುಸ್ತಕವನ್ನು ಕೇಳದೆ ತೆರೆಯಬೇಡಿ. ಫೋಟೋ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಕೆಲವು ಮನೆಗಳಲ್ಲಿ ರೋಗಿಗೆ ಕಾಯಿಲೆಯ ಪೂರ್ಣ ವಿಷಯ ಹೇಳಿರುವುದಿಲ್ಲ. ಬರೆಯಲು ಕುಳಿತಾಗ ಅವರು ನೇರವಾಗಿ ಪ್ರಶ್ನೆ ಕೇಳಬಹುದು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಬದಲು, ಎಷ್ಟು ಹೇಗೆ ತಿಳಿಸಬೇಕು ಎಂದು ವೈದ್ಯರ ಜೊತೆ, ಪ್ಯಾಲಿಯೇಟಿವ್ ಕೇರ್ ತಂಡದ ಜೊತೆ ಮೊದಲೇ ಮಾತನಾಡಿ. ನೋವು ಮತ್ತು ಮನಸ್ಸಿನ ಸಂಕಟ ತಗ್ಗಿಸುವ ಈ ಆರೈಕೆ ಕೊನೆಯ ದಿನಗಳಿಗಷ್ಟೇ ಅಲ್ಲ. ಕಾಯಿಲೆಯ ಯಾವ ಹಂತದಲ್ಲೂ ಪಡೆಯಬಹುದು. ದೇಶದ ಮೊದಲ ಹಾಸ್ಪಿಸ್ ಎನಿಸಿದ ಶಾಂತಿ ಅವೇದನಾ ಸದನ 1986ರಲ್ಲಿ ಆರಂಭವಾದದ್ದು ಮುಂಬೈಯ ಬಾಂದ್ರಾದಲ್ಲೇ.

ನೀವೂ ದಣಿದಿರುತ್ತೀರಿ. ರೋಗಿ ಮಲಗಿದ ಮೇಲೆ ನಿಮ್ಮ ಸ್ವಂತ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಯಾವಾಗ ನಿಲ್ಲಿಸಬೇಕು?

ಬರೆದ ಮೇಲೆ ಸ್ವಲ್ಪ ಹೊತ್ತು ಅಳು ಬರುವುದು, ಬೇಸರವಾಗುವುದು ಸಹಜ. ಆದರೆ ಯಾವುದೋ ಒಂದು ವಿಷಯ ಬರೆಯುವಾಗ ತಡೆದುಕೊಳ್ಳಲಾಗದಷ್ಟು ಸಂಕಟವಾದರೆ ಅಲ್ಲಿಗೇ ಬಿಟ್ಟು ಬೇರೆ ವಿಷಯಕ್ಕೆ ಹೋಗಿ. ದಿನವೂ ಅದೇ ನೋವನ್ನು ಅದೇ ಮಾತಿನಲ್ಲಿ ಬರೆಯುತ್ತಾ ಮನಸ್ಸು ಇನ್ನಷ್ಟು ಕುಗ್ಗುತ್ತಿದ್ದರೆ ಕೆಲವು ದಿನ ನಿಲ್ಲಿಸಿ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಎಂಬ ಯೋಚನೆ ಬಂದರೆ, ಅಥವಾ ಬರಹದಲ್ಲಿ ಅದು ಕಾಣಿಸಿದರೆ, ತಡ ಮಾಡದೆ ವೈದ್ಯರಿಗೆ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಪತ್ರ ಬೇರೆ, ಉಯಿಲು ಬೇರೆ

ಮನೆಯವರಿಗೆ ಬರೆದ ಪ್ರೀತಿಯ ಪತ್ರವನ್ನು ಆಸ್ತಿಯ ಕಾಗದ ಎಂದು ತಿಳಿಯಬೇಡಿ. ಉಯಿಲಿಗೆ ನಿಮ್ಮ ಸಹಿಯ ಜೊತೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ವೆಂಟಿಲೇಟರ್ ಮುಂತಾದ ಚಿಕಿತ್ಸೆ ಬೇಕೇ ಬೇಡವೇ ಎಂಬ ನಿಮ್ಮ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿದೆ. 2023ರಲ್ಲಿ ಆ ಕ್ರಮವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಇವೆರಡಕ್ಕೂ ತಿಳಿದವರ ಸಲಹೆ ಪಡೆಯಿರಿ.

ನೆನಪಿಡಿ

ಬರೆಯದಿರುವುದು ತಪ್ಪಲ್ಲ. ಕೆಲವರಿಗೆ ಜಪ, ಕೆಲವರಿಗೆ ಹೂಕುಂಡ, ಕೆಲವರಿಗೆ ಮೊಮ್ಮಗನ ಹೋಮ್‌ವರ್ಕ್ ಅದೇ ಸಮಾಧಾನ ಕೊಡುತ್ತದೆ. ಬರೆಯಬೇಕೆಂಬ ಆಸೆ ಇದ್ದರೆ ಮಾತ್ರ, ಕಾಯಿಲೆ ಗುಣವಾಗಲಿ ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ಇವತ್ತು ಒಂದು ಹೆಸರು, ಅದರ ಕೆಳಗೆ ಒಂದು ಸಂಗತಿ ಬರೆಯಿರಿ. ಮುಂದಿನ ಸಾಲು ನಾಳೆಗೆ ಇರಲಿ.